ಮುಕ್ತಕಂಠನ ಬೀಗ

ಔರಾದಿನ ಬಸ್‌ಸ್ಟ್ಯಾಂಡಿನ ಎದುರಿಗೆ, ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ, ಗೋರಖನಾಥ ಮಾಸ್ತರನ ಕಂಪ್ಯೂಟರ್ ಕ್ಲಾಸು. ಎರಡು ಸಾವಿರದ ಹತ್ತೊಂಬತ್ತರ ಬೇಸಿಗೆಯಲ್ಲಿ ಆ ಕ್ಲಾಸಿನಲ್ಲಿ ಕಂಪ್ಯೂಟರುಗಳಿದ್ದವು, ಕುರ್ಚಿಗಳಿದ್ದವು, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳಿದ್ದವು. ಕಲಿಯುವವರು ಮಾತ್ರ ಇರಲಿಲ್ಲ. ಮುಂಗಾರು ಕೈಕೊಟ್ಟು, ಹಿಂಗಾರೂ ಮುಖ ತಿರುಗಿಸಿ, ತಾಲೂಕಿನ ಅರ್ಧ ಮಂದಿ ಹೈದರಾಬಾದಿಗೂ ಪುಣೆಗೂ ಗಂಟುಮೂಟೆ ಕಟ್ಟಿದ್ದರು. ಅಪ್ಪ ಅವ್ವ ಸೆಂಟ್ರಿಂಗ್ ಕೆಲಸಕ್ಕೆ ಹೋದ ಮೇಲೆ ಮಕ್ಕಳು ಇಲ್ಲಿ ಕುಳಿತು ಟೈಪಿಂಗ್ ಕಲಿಯುತ್ತಾರೆಯೇ? ಅವರೂ ಹೋದರು.

ಬೇರೆಯವನಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂಡುತ್ತಿದ್ದ. ಸಂತಪುರದ ಮಣ್ಣಿನಲ್ಲಿ ಹುಟ್ಟಿ, ಬೀದರಿನಲ್ಲಿ ಓದಿ, ಮನೆತನದಲ್ಲಿ ಮೊದಲ ಬಿ.ಎಸ್ಸಿ ಅನ್ನಿಸಿಕೊಂಡ ಗೋರಖನಾಥ ಹಾಗೆ ಕೂಡುವ ಗಿರಾಕಿಯಲ್ಲ. ಬರ ಅವನಿಗೆ ಬಿಡುವು ಕೊಟ್ಟಿತ್ತು. ಬಿಡುವು ಸಿಕ್ಕ ವಿದ್ಯಾವಂತ ಲೋಕೋದ್ಧಾರ ಮಾಡದೆ ಮತ್ತೇನು ಮಾಡಿಯಾನು?

‘ಚೌಕ’ ಎಂಬ ಆ್ಯಪಿನಲ್ಲಿ ಅವನ ಹೆಸರು ಮುಕ್ತಕಂಠ. ಬೆಳಿಗ್ಗೆ ಷಟರ್ ಎತ್ತಿ, ಖಾಲಿ ಕುರ್ಚಿಗಳ ಧೂಳು ಹೊಡೆದು, ಫೋಟೋಗಳಿಗೆ ಊದಿನಕಡ್ಡಿ ಬೆಳಗಿ, ಒಂದು ಚಾ ತರಿಸಿಕೊಂಡು ಕುಳಿತನೆಂದರೆ ಮುಕ್ತಕಂಠ ಶುರುವಾಯಿತು ಅಂತಲೇ ಲೆಕ್ಕ. ಪೊಲೀಸರು ಕೇಳಿದಾಗ ಕಂಪನಿಗಳು ಜನರ ಖಾಸಗಿ ಮಾತಿನ ಕೀಲಿಕೈ ಕೊಡಬೇಕೋ ಬೇಡವೋ? ಗಲಾಟೆಯಾದ ಊರಿನಲ್ಲಿ ಸರಕಾರ ಇಂಟರ್‌ನೆಟ್ ಬಂದ್ ಮಾಡುವುದು ನ್ಯಾಯವೋ ಅನ್ಯಾಯವೋ? ಸಮುದ್ರದಾಚೆಯ ಕಂಪನಿಗೆ ಔರಾದಿನ ಮನುಷ್ಯ ಏನು ಕೊಂಡ, ಎಲ್ಲಿ ಹೋದ ಎಂಬ ಉಸಾಬರಿ ಯಾಕೆ? ಇಂಥ ಪ್ರಶ್ನೆಗಳಿಗೆಲ್ಲ ಅವನ ಹತ್ತಿರ ಉತ್ತರವಿತ್ತು, ಮತ್ತು ಉತ್ತರ ಯಾವಾಗಲೂ ಉದ್ದವಾಗಿರುತ್ತಿತ್ತು. ಮೈಸೂರಿನವರು, ಮಂಗಳೂರಿನವರು, ದುಬೈಯಲ್ಲಿ ಕುಳಿತವರು ಅವನೊಂದಿಗೆ ಜಗಳಕ್ಕೆ ಬರುತ್ತಿದ್ದರು. ‘ಜಗತ್ತಿನಲ್ಲಿ ಆಡಬಾರದ ಮಾತು ಎಂಬುದೇ ಇಲ್ಲ. ಒಂದೇ ಒಂದು ಮಾತನ್ನು ನಿಷೇಧಿಸಿದ ಸಮಾಜವೂ ಗುಲಾಮರ ಸಮಾಜವೇ’ ಎಂದು ಅವನು ಬರೆದದ್ದನ್ನು ಎಷ್ಟೋ ಮಂದಿ ತಮ್ಮ ಗೋಡೆಗೆ ಅಂಟಿಸಿಕೊಂಡಿದ್ದರು. ಅದನ್ನು ಅವನೂ ದಿನಕ್ಕೊಮ್ಮೆ ತೆರೆದು ಓದುತ್ತಿದ್ದ.

ಇಷ್ಟು ದೊಡ್ಡ ಮಾತುಗಾರನಿಗೆ ಒಂದು ಸಣ್ಣ ಚಟ. ಎದುರಾಡಿದವರನ್ನು ಅವನು ಬ್ಲಾಕ್ ಮಾಡುತ್ತಿದ್ದ. ಒಮ್ಮೆ ಎದುರಾಡಿದರೆ ಎಚ್ಚರಿಕೆ, ಎರಡನೆಯ ಸಲಕ್ಕೆ ಬಾಗಿಲು ಬಂದ್. ಸರಕಾರ ಬಾಯಿ ಮುಚ್ಚಿಸಿದರೆ ಅದು ದಬ್ಬಾಳಿಕೆ, ಮುಕ್ತಕಂಠ ಮುಚ್ಚಿಸಿದರೆ ಅದು ಶಿಸ್ತು. ಹೀಗೆ ಹೊರಗೆ ಹಾಕಿಸಿಕೊಂಡವರನ್ನೆಲ್ಲ ಸೇರಿಸಿದ್ದರೆ ಔರಾದ್‌ನಿಂದ ಒಂದು ಬಸ್ಸು ತುಂಬಿಸಿ ಕಳಿಸಬಹುದಿತ್ತು.

ಸೈಬರ್ ಸುರಕ್ಷತೆಯಲ್ಲೂ ಅವನು ಪಂಡಿತನೇ. “ನಿನ್ನಿ ಅಂಬಲಿ ಇವತ್ತು ನಡೀತದ, ನಿನ್ನಿ ಪಾಸ್‌ವರ್ಡ್ ನಡ್ಯಂಗಿಲ್ಲ” ಎಂದು ಕ್ಲಾಸಿನ ಹುಡುಗರಿಗೆ ಹೇಳುತ್ತಿದ್ದ, ಹುಡುಗರು ಇದ್ದಾಗ. ತಾನೂ ವಾರ ವಾರ ಪಾಸ್‌ವರ್ಡ್ ಬದಲಿಸುತ್ತಿದ್ದ, ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಅದೂ ಸಾಲದೆಂದು ಚೌಕದವರು ಕೊಟ್ಟ ಜಾಮೀನಿನ ಸೌಲಭ್ಯವನ್ನೂ ತೆಗೆದುಕೊಂಡಿದ್ದ. ಅದರ ಕ್ರಮ ಹೀಗೆ: ಖಾತೆಗೆ ಎಂದಾದರೂ ಬೀಗ ಬಿದ್ದರೆ, ನೀವು ಮೊದಲೇ ಹೆಸರಿಸಿದ ಮೂವರು ಜಾಮೀನುದಾರರಿಗೆ, ನೀವು ಕೋರಿದ ಹೊತ್ತಿಗೆ, ಕಂಪನಿಯಿಂದ ಫೋನು ಬರುತ್ತದೆ. ಒಬ್ಬೊಬ್ಬರಿಗೂ ನೀವು ಗೊತ್ತುಮಾಡಿಟ್ಟ ಒಂದೊಂದು ಕೀಲಿಮಾತು ಇರುತ್ತದೆ. ಅದನ್ನು ಅವರು ತಮ್ಮ ಫೋನಿನಲ್ಲಿ, ತಮ್ಮದೇ ದನಿಯಲ್ಲಿ ಹೇಳಬೇಕು. ಮೂರೂ ಮಾತು ಕೂಡಿದರೆ ಬೀಗ ತೆರೆಯುತ್ತದೆ.

ಗೋರಖನಾಥ ಒಂದು ಇಡೀ ಮಧ್ಯಾಹ್ನ ಯೋಚಿಸಿ ಮೂವರನ್ನು ಆರಿಸಿದ್ದ. ಸಂತಪುರದ ಸಾಲೆಯಲ್ಲಿ ಒಂದೇ ಹಲಗೆಯಲ್ಲಿ ಬರೆದ ಗೆಳೆಯ, ಕುರಿ ಸಾಕುವ ಬಕ್ಕಪ್ಪ. ಬೀದರಿನ ಗಾಂಧಿ ಗಂಜ್ ಪೇಟೆಯಲ್ಲಿ ಬೇಳೆಯ ಅಡತಿ ಅಂಗಡಿ ನಡೆಸುವ ಮಕ್ಬೂಲ, ಕಾಲೇಜಿನ ದಿನದಿಂದ ಜೊತೆಗಾರ. ಮೂರನೆಯವಳು ಹೆಂಡತಿ ಅನುಸೂಯಾಬಾಯಿ. ಮೂವರ ದನಿಯನ್ನೂ ಒಂದರಿಂದ ಹತ್ತು ಎಣಿಸಿ ಹೇಳಿಸಿ ಕಂಪನಿಗೆ ಒಪ್ಪಿಸಿದ್ದ. ಕೀಲಿಮಾತು ಮಾತ್ರ ಯಾರಿಗೂ ತಿಳಿಸಿರಲಿಲ್ಲ. ಹೆಂಡತಿಗೆ ಇಟ್ಟ ಮಾತಿನ ಬಗ್ಗೆ ಅವನಿಗೆ ಭಾರಿ ಹೆಮ್ಮೆಯಿತ್ತು. ಇಂಥ ಮಾತನ್ನು ಬೆಂಗಳೂರಿನ ಯಾವ ಎಂಜಿನಿಯರನ ತಲೆಯೂ ಹುಟ್ಟಿಸಲಾರದು ಎಂದು ಒಳಗೊಳಗೇ ಬೀಗಿದ್ದ.

ಆಮೇಲೆ ಏನಾಯಿತೆಂದರೆ, ಮೂವರನ್ನೂ ಅವನೇ ಬ್ಲಾಕ್ ಮಾಡಿದ.

ಬಕ್ಕಪ್ಪನ ತಪ್ಪು ಕುರಿಗಳದು. ಮುಕ್ತಕಂಠ ಎಷ್ಟೇ ಗಂಭೀರ ಚರ್ಚೆ ಎತ್ತಲಿ, ಅದರ ಕೆಳಗೆ ಬಕ್ಕಪ್ಪ ಒಂದು ಕುರಿಯ ಫೋಟೋ ಹಾಕುತ್ತಿದ್ದ. ಗೆಳೆಯ ಏನೋ ಬರೆದಿದ್ದಾನೆ, ಸುಮ್ಮನೆ ಹೋದರೆ ಚೆನ್ನಾಗಿರುವುದಿಲ್ಲ ಎಂಬ ಪ್ರೀತಿಯಿಂದ. ಮಕ್ಬೂಲನದು ನಿಜವಾದ ಜಗಳ. “ಮಾಸ್ತರ, ಸುಳ್ಳ ಸುದ್ದಿ ಒಂದು ಮೆಸೇಜಿನ್ಯಾಗ ಬಂದ್ರ ನಮ್ಮ ಗಂಜಿನ್ಯಾಗ ಅರ್ಧಾ ಗಂಟೇದಾಗ ಅಂಗಡಿ ಬಂದ್ ಆಗ್ತಾವ. ಹಮಾಲರ ಮನ್ಯಾಗ ಒಲಿ ಹತ್ತಂಗಿಲ್ಲ. ಎರಡು ದಿನ ನೆಟ್ ನಿಲ್ಲಿಸಿದ್ರ ಏನು ಜೀವ ಹೋಗ್ತದ?” ಎಂದು ಬರೆದ. ಮುಕ್ತಕಂಠ ಅವನನ್ನು ಸರಕಾರದ ಚಮಚಾ ಎಂದ. ಮಕ್ಬೂಲ ಇವನನ್ನು ಕೆಲಸವಿಲ್ಲದ ಬಡಗಿ ಎಂದ. ಅಲ್ಲಿಗೆ ಮೂವತ್ತು ವರ್ಷದ ದೋಸ್ತಿ ಮುಗಿಯಲು ಬೆರಳಿನ ಒಂದು ಒತ್ತು ಸಾಕಾಯಿತು.

ಅನುಸೂಯಾಬಾಯಿಯ ಅಪರಾಧ ಎಲ್ಲಕ್ಕಿಂತ ಘೋರ. ಆ ದಿನ ಮುಕ್ತಕಂಠ ಗೂಢಲಿಪಿಯ ಬಗ್ಗೆ ತನ್ನ ಜೀವಮಾನದ ಲೇಖನ ಹಾಕಿದ್ದ. ದೊಡ್ಡ ದೊಡ್ಡವರು ಬಂದು ಮೆಚ್ಚುತ್ತಿದ್ದರು. ಓಣಿಗೆ ನೀರಿನ ಟ್ಯಾಂಕರ್ ಬಂತು. ಅನುಸೂಯಾಬಾಯಿ ಗಂಡನಿಗೆ ಫೋನು ಮಾಡಿದಳು. ಚರ್ಚೆಯ ಭರದಲ್ಲಿ ಅವನು ಎತ್ತಲಿಲ್ಲ. ಅವನು ಎಲ್ಲಿ ಸಿಗುತ್ತಾನೆಂದು ಅವಳಿಗೆ ಗೊತ್ತಿತ್ತು. ಲೇಖನದ ಕೆಳಗೆ ಬರೆದಳು: ‘ಟ್ಯಾಂಕರ್ ಬಂದದ. ಎರಡು ಕೊಡ ತಗೊಂಡು ಲಗೂನ ಬರ್ರಿ.’ ಲೇಖನಕ್ಕಿಂತ ಆ ಸಾಲಿಗೆ ಹೆಚ್ಚು ಮೆಚ್ಚುಗೆ ಬಂತು. ದುಬೈಯವನೊಬ್ಬ, “ಸಾರ್, ಮೊದಲು ಕೊಡ ತುಂಬಿ, ಗೂಢಲಿಪಿ ಆಮೇಲೆ” ಎಂದ. ಮುಕ್ತಕಂಠನ ಕಿವಿ ಕೆಂಪಾಯಿತು. ಕೊಡ ತುಂಬಿದ, ನಿಜ ಹೇಳಬೇಕು, ಓಡಿ ಹೋಗಿ ತುಂಬಿದ. ತುಂಬಿ ಬಂದವನೇ ಹೆಂಡತಿಯನ್ನು ಬ್ಲಾಕ್ ಮಾಡಿದ.

ಸಂಜೆ ಅವಳು ರೊಟ್ಟಿ ಬಡಿಯುತ್ತ ಕೇಳಿದಳು: “ಏನ್ರಿ, ನಿಮ್ಮದು ತೆಗದ್ರ ‘ಇಂಥ ಸದಸ್ಯರು ಇಲ್ಲ’ ಅಂತ ಬರ್ಲತ್ತದ?”

“ಅದು ಟೆಕ್ನಿಕಲ್ ಅದ. ನಿನಗ ತಿಳಿಯಂಗಿಲ್ಲ.”

“ಹೌದೇನ್ರಿ,” ಎಂದು ಅವಳು ರೊಟ್ಟಿ ತಿರುವಿ ಹಾಕಿದಳು. ಅವಳಿಗೆ ತಿಳಿದಿತ್ತು. ಏಳನೆಯ ಇಯತ್ತೆ ಓದಿದವಳಿಗೆ ಬಾಗಿಲು ಹಾಕಿದ್ದು ತಿಳಿಯದಷ್ಟು ಕಷ್ಟದ ವಿದ್ಯೆ ಇನ್ನೂ ಬಂದಿಲ್ಲ.

ಯುಗಾದಿ ಮುಗಿದ ಮೇಲೆ ಅವಳು ಬೀದರಿಗೆ ಹೊರಟಳು. ಅಲ್ಲೊಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವರು ಬೇಕಾಗಿದ್ದರು. “ಅಲ್ಲಿ ಬೋರಿಗಿ ನೀರದ, ಕೈಗಿ ಕೆಲಸದ. ಇಲ್ಲಿ ಇಬ್ಬರೂ ಕುಂತು ಮಾರಿ ನೋಡ್ಕೊಂಡು ಏನು ಮಾಡೋದದ್ರಿ?” ಎಂದಳು. ಅವನು ಅವಳನ್ನು ಬಸ್ಸಿಗೆ ಹತ್ತಿಸಿ ಬಂದ. ಅಂದು ಮುಕ್ತಕಂಠ ‘ಸ್ತ್ರೀಯರ ಆರ್ಥಿಕ ಸ್ವಾತಂತ್ರ್ಯ’ ಎಂಬ ಬರಹ ಹಾಕಿದ. ತಾಲೂಕಿನಿಂದ ಗುಳೆ ಹೋದವರ ಪೈಕಿ ತನ್ನ ಮನೆಯಾಕೆಯೂ ಒಬ್ಬಳು ಎಂಬ ಮಾತು ಅದರಲ್ಲಿ ಎಲ್ಲಿಯೂ ಬರಲಿಲ್ಲ.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದದ್ದು ಮೇ ತಿಂಗಳಲ್ಲಿ. ಮಂಗಳೂರಿನವನೊಬ್ಬನ ಜೊತೆ ಜಿದ್ದಾಜಿದ್ದಿ ನಡೆದಿತ್ತು. ಇವನು ಸಿಟ್ಟಿನಲ್ಲೇ ಆ ವಾರದ ಪಾಸ್‌ವರ್ಡ್ ಬದಲಿಸಿದ, ಸಿಟ್ಟಿನಲ್ಲೇ ಹೊರಬಂದು ಊಟಕ್ಕೆ ಹೋದ. ಊಟ ಮಾಡಿ ಬಂದಾಗ ಸಿಟ್ಟೂ ಇರಲಿಲ್ಲ, ಪಾಸ್‌ವರ್ಡೂ ನೆನಪಿರಲಿಲ್ಲ. ಹುಟ್ಟಿದ ವರ್ಷ ಹಾಕಿ ನೋಡಿದ, ಊರಿನ ಹೆಸರು ಹಾಕಿದ, ಮಂಗಳೂರಿನವನಿಗೆ ಬೈಯಬೇಕೆಂದಿದ್ದ ಬೈಗುಳಗಳನ್ನು ಒಂದೊಂದಾಗಿ ಹಾಕಿದ. ಖಾತೆಗೆ ಬೀಗ ಬಿತ್ತು. ಒಂದು ವಾರದೊಳಗೆ ಮೂವರು ಜಾಮೀನುದಾರರು ಮಾತಾಡದಿದ್ದರೆ ಎಲ್ಲ ಬರಹ ಅಳಿಸಿಹೋಗುತ್ತದೆ ಎಂದು ಪರದೆ ಸೌಜನ್ಯದಿಂದ ತಿಳಿಸಿತು.

ಎಂಟು ವರ್ಷದ ಬರಹ. ಅದನ್ನು ಬಿಟ್ಟರೆ ಗೋರಖನಾಥನ ಹತ್ತಿರ ತನ್ನದೆನ್ನುವುದು ಏನಿತ್ತು? ಧೂಳು ಹಿಡಿದ ಕಂಪ್ಯೂಟರು, ಯಾರೂ ಕೂಡದ ಕುರ್ಚಿ. ಔರಾದಿನಲ್ಲಿ ಅವನು ಕ್ಲಾಸು ನಡೆಯದ ಮಾಸ್ತರ. ಚೌಕದಲ್ಲಿ ಮಾತ್ರ ಅವನು ಮನುಷ್ಯ. ಅವನ ಸಂಕಟ ಸುಳ್ಳಲ್ಲ, ಅದಕ್ಕೆ ನಗಬಾರದು.

ಆದರೆ ಮುಂದಿನದನ್ನು ನೋಡಿದರೆ ನಗದಿರುವುದೂ ಕಷ್ಟ. ಎರಡು ದಿನ ಮುಕ್ತಕಂಠ ಕಾಣದಿದ್ದಾಗ ಚೌಕದಲ್ಲಿ ಹುಯಿಲೆದ್ದಿತು. ಸರಕಾರವೇ ಅವನ ಬಾಯಿ ಕಟ್ಟಿದೆ ಎಂದರು ಕೆಲವರು. ಇಲ್ಲ, ವಿದೇಶೀ ಬಂಡವಾಳದ ಹುನ್ನಾರ ಎಂದರು ಇನ್ನು ಕೆಲವರು. ಎರಡು ಪಂಗಡವಾಗಿ ಕಿತ್ತಾಡಿದರು. ಮಂಗಳೂರಿನವನೇ ಮುಂದೆ ಬಂದು, “ಅವರ ವಿಚಾರ ಒಪ್ಪದಿದ್ದರೂ ಅವರ ಧ್ವನಿಗಾಗಿ ಹೋರಾಡುತ್ತೇನೆ” ಎಂದ. ಒಳಹೋಗಲಾಗದವನು ಹೊರಗೆ ನಿಂತು ಇದನ್ನೆಲ್ಲ ಓದಬಹುದಿತ್ತು. ಗೋರಖನಾಥ ಒಂದೂ ಬಿಡದೆ ಓದಿದ. ತಾನು ಸತ್ತ ಮೇಲೆ ಜನ ಏನನ್ನುತ್ತಾರೆ ಎಂದು ಬದುಕಿದ್ದಾಗಲೇ ಕೇಳುವ ಪುಣ್ಯ ಎಲ್ಲರಿಗೂ ಇರುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ, “ಮಾಸ್ತರ, ನಿಮ್ಮ ಬಾಯಿ ಬಂದ್ ಮಾಡ್ಯಾರಂತಲ್ರಿ, ಖರೆ ಏನು?” ಎಂದಾಗ ಅವನು ಆಕಾಶದ ಕಡೆ ನೋಡಿ ನಿಟ್ಟುಸಿರು ಬಿಟ್ಟ. ಪಾಸ್‌ವರ್ಡ್ ಮರೆತೆ ಎಂದು ಹೇಳಲಿಲ್ಲ.

ಹೇಳದಿದ್ದರೂ ವಾರ ನಿಲ್ಲುವುದಿಲ್ಲವಲ್ಲ. ಆರನೆಯ ದಿನ ಅವನು ಬಕ್ಕಪ್ಪನನ್ನು ಹುಡುಕಿಕೊಂಡು ಭಾಲ್ಕಿಯ ಬಸ್ಸು ಹತ್ತಿದ.

ಊರಲ್ಲಿ ಮೇವಿಲ್ಲದ್ದಕ್ಕೆ ಬಕ್ಕಪ್ಪ ಹಿಂಡು ಹೊಡೆದುಕೊಂಡು ಕಾರಂಜಾ ಜಲಾಶಯದ ಹಿನ್ನೀರಿಗೆ ಬಂದಿದ್ದ. ನೀರು ಹಿಂದೆ ಸರಿದು, ಬಿರಿದ ನೆಲದ ಅಂಚಿಗೆ ಒಂದಿಷ್ಟು ಹಸಿರು ಉಳಿದಿತ್ತು. ಕುರಿಗಳು ಅಲ್ಲಿ ಮೂತಿ ಎತ್ತದೆ ಮೇಯುತ್ತಿದ್ದವು. ಬಕ್ಕಪ್ಪ ಗೆಳೆಯನನ್ನು ಕಂಡು ಕಂಬಳಿ ಹಾಸಿದ.

“ಬಾ, ಕೂಡು. ನೀ ನಂದು ಬಂದ್ ಮಾಡೀದಿ ಅಂತ ತಿಳೀತು. ಯಾಕ ಮಾಡಿದಿ ಅಂತ ಕೇಳಂಗಿಲ್ಲ. ಏನರೆ ಕಾರಣ ಇರಬೇಕು.”

ಕಾರಣ ಕೇಳಿದ್ದರೆ ಗೋರಖನಾಥನಿಗೆ ಹಗುರವಾಗುತ್ತಿತ್ತು. ಇವನು ಬಂದ ಕೆಲಸ ಹೇಳಿದ. ಕಂಪನಿಯ ಫೋನು ಬಂತು. ಬಕ್ಕಪ್ಪನಿಗೆ ಇಟ್ಟ ಮಾತು ಅವನ ಹಿಂಡಿನ ದೊಡ್ಡ ಟಗರಿನ ಹೆಸರು. ಮರೆಗುಳಿಗೆ ದಿನವೂ ನಾಲಿಗೆಯ ಮೇಲೆ ಇರುವ ಮಾತೇ ಇಡಬೇಕು ಎಂಬುದು ಮಾಸ್ತರನ ಸಿದ್ಧಾಂತ. ಬಕ್ಕಪ್ಪ ಫೋನಿಗೆ ಬಾಯಿಟ್ಟು “ಸರದಾರ!” ಎಂದು ಕೂಗಿದ. ಫೋನು ಧನ್ಯವಾದ ಹೇಳಿತು. ಹಿನ್ನೀರಿನ ಅಂಚಿನಿಂದ ಟಗರು ಓಡಿ ಬಂತು. ಬಕ್ಕಪ್ಪ ಅದರ ಫೋಟೋ ತೆಗೆದು, ಹಾಕುವ ಜಾಗ ಇಲ್ಲವೆಂಬುದು ನೆನಪಾಗಿ, ಫೋನನ್ನು ಕಿಸೆಯಲ್ಲಿಟ್ಟುಕೊಂಡ.

ಮಾರನೆಯ ದಿನ ಗಾಂಧಿ ಗಂಜು. ಬರದ ವರ್ಷ, ಲಾರಿಗಳ ಸದ್ದಿಲ್ಲ, ಹಮಾಲರು ಕೈಗಾಡಿಯ ನೆರಳಿನಲ್ಲಿ ಮಲಗಿದ್ದರು. ಮಕ್ಬೂಲ ಗಾದಿಯ ಮೇಲೆ ಕುಳಿತು ತೊಗರಿಬೇಳೆಯ ಮಾದರಿಯನ್ನು ಅಂಗೈಯಲ್ಲಿ ಆಡಿಸುತ್ತಿದ್ದ. ಎದ್ದು ನಿಲ್ಲಲಿಲ್ಲ. ಚಾ ಮಾತ್ರ ತರಿಸಿದ. ಜಗಳ ಬೇರೆ, ಗಂಜಿನ ರಿವಾಜು ಬೇರೆ.

“ಕೇಳಿದೆ ಮಾಸ್ತರ. ನಿಮ್ಮ ಅಕೌಂಟ್ ಸರಕಾರ ಬಂದ್ ಮಾಡ್ಯಾದಂತ. ಮಂದಿ ಅನ್ಲತ್ತಾರ.”

ಗೋರಖನಾಥ ಚಾದಲ್ಲಿ ಮುಖವಿಟ್ಟುಕೊಂಡು, “ಪಾಸ್‌ವರ್ಡ್ ಮರ್ತೀನಿ,” ಎಂದ.

ಮಕ್ಬೂಲ ನಕ್ಕ ನಗುವಿಗೆ ಮಲಗಿದ್ದ ಹಮಾಲರು ಎದ್ದು ಕುಳಿತರು. “ಅರೇ ವ್ಹಾ! ಖಾಲಿಪೀಲಿ ಸರಕಾರಕ್ಕ ಬೈಸೀರಿ. ಇದಕ್ಕೇ ನಾ ಅಂದಿದ್ದು, ಸುಳ್ಳ ಸುದ್ದಿಗಿ ಲಗಾಮು ಬೇಕು ಅಂತ. ಈಗ ಹೇಳ್ರಿ, ಯಾರಿಗಿ ಹಾಕೋದು ಲಗಾಮು?”

ಹಿಂದೆ ಇದೇ ಪ್ರಶ್ನೆಗೆ ಮುಕ್ತಕಂಠ ಎರಡು ಪುಟ ಉತ್ತರ ಬರೆದಿದ್ದ. ಗೋರಖನಾಥ ಚಾದ ಕಪ್ಪು ಕೆಳಗಿಟ್ಟು ತಾನು ಬಂದ ಕೆಲಸ ಹೇಳಿದ. ಮಕ್ಬೂಲನ ಫೋನು ರಿಂಗಾಯಿತು, ಕೀಲಿಮಾತು ಕೇಳಿತು. ಯಾವುದೆಂದು ಮಕ್ಬೂಲ ಹುಬ್ಬು ಹಾರಿಸಿದ. “ದೋಸ್ತ,” ಎಂದು ಗೋರಖನಾಥ ಮೆಲ್ಲಗೆ ಹೇಳಿಕೊಟ್ಟ.

“ಇದು ಹೇಳ್ಬೇಕಂದ್ರ ಜರಾ ವಿಚಾರ ಮಾಡಬೇಕಾಗ್ತದ,” ಎಂದು ಮಕ್ಬೂಲ ಬೇಳೆಯನ್ನು ಚೀಲಕ್ಕೆ ಸುರಿದ. ಫೋನು ಎರಡನೆಯ ಸಲ ಕೇಳಿತು. ಮೂರನೆಯ ಸಲ ಕೇಳಿತು. ಗೋರಖನಾಥನ ಮುಖ ಬಿಳಿಚಿದ್ದನ್ನು ತೃಪ್ತಿಯಾಗುವಷ್ಟು ನೋಡಿ, ಕೊನೆಗೆ ಮಕ್ಬೂಲ ಹೇಳಬೇಕಾದ್ದನ್ನು ಹೇಳಿದ. ಗೋರಖನಾಥನಿಗೆ ಅಲ್ಲ, ಫೋನಿಗೆ.

ಇನ್ನು ಉಳಿದವಳು ಹೆಂಡತಿ. ಮನೆಯವಳೇ ತಾನೆ, ಐದು ನಿಮಿಷದ ಕೆಲಸ ಎಂದುಕೊಂಡು ಅವನು ಹಾಸ್ಟೆಲಿನ ಕಡೆ ನಡೆದ. ಹೋಗುತ್ತ ಹೋಗುತ್ತ ಹೆಜ್ಜೆ ನಿಧಾನವಾಯಿತು. ಇಟ್ಟ ಮಾತು ಯಾವುದು ಎಂಬುದು ಈಗ ಅವನಿಗೆ ಬೇರೆ ಥರ ಕಾಣತೊಡಗಿತ್ತು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಮಧ್ಯಾಹ್ನದ ಅನ್ನ ಬೇಯುತ್ತಿತ್ತು. ಅನುಸೂಯಾಬಾಯಿ ಸೆರಗು ಸಿಕ್ಕಿಸಿ ಡೇಗು ಎಂಬ ದೊಡ್ಡ ಪಾತ್ರೆಯ ಮುಂದೆ ನಿಂತಿದ್ದಳು. ಜೊತೆಯ ಅಡುಗೆಯವಳು ಹಮೀದುನ್ನಿಸಾ ಮೂಲೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

“ಅಕ್ಕಾ, ನಮ್ಮ ಕ್ಲಾಸಿನವ್ರು ಬಂದ್ರು,” ಎಂದು ಅನುಸೂಯಾಬಾಯಿ ಪರಿಚಯ ಮಾಡಿಸಿದಳು. ಗಂಡನನ್ನು ಅವಳು ಮಂದಿಯ ಮುಂದೆ ಕ್ಲಾಸಿನವರು ಅನ್ನುತ್ತಿದ್ದಳು, ಎದುರಿಗೆ ಏನ್ರಿ ಅನ್ನುತ್ತಿದ್ದಳು. ಅವನು ಸೊರಗಿದ್ದನ್ನು ನೋಡಿ ನೀರು ಕೊಟ್ಟಳು, ಊಟ ಮಾಡಿದ್ರೇನು ಎಂದು ಕೇಳಿದಳು. ಅವನು ಖಾತೆಯ ಕತೆ ಹೇಳಿದ. ಅವಳು ಪೂರ್ತಿ ಕೇಳಿದಳು. ಬ್ಲಾಕ್ ಮಾಡಿದ್ದರ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

“ಆತು, ಹೇಳ್ತೇನಿ. ಯಾವ ಮಾತು?”

ಗೋರಖನಾಥ ಕಿಟಕಿಯ ಕಡೆ ನೋಡಿದ. “ಅದು… ನನ್ನ ಹೆಸರು.”

ಹಮೀದುನ್ನಿಸಾಳ ಈಳಿಗೆ ನಿಂತಿತು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಬೇರೆಯವರಿಗೆ ಹೇಳಬೇಕು. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿ ಬಿಟ್ಟು ಆಡುವುದಿಲ್ಲ. ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಗೋರಖನಾಥನ ತಾಯಿ ಜನಾಬಾಯಿಯೇ ಸೊಸೆ ಮನೆ ತುಂಬಿದ ದಿನ ಹೇಳಿಕೊಟ್ಟಿದ್ದಳು. ಬುದ್ಧವಿಹಾರಕ್ಕೆ ಹೋಗುವ ಮನೆ, ಓದುಬರಹದ ಮನೆ, ಜಾತಕ ಪಂಚಾಂಗ ಎಲ್ಲ ಬಿಟ್ಟ ಮನೆ. ಈ ಒಂದು ಕಟ್ಟನ್ನು ಮಾತ್ರ ಯಾರೂ ಬಿಡಿಸಲಿಲ್ಲ, ಬಿಡಿಸಬೇಕಾದವನಿಗೆ ಅದು ಹಿತವಾಗಿತ್ತು. ಇಪ್ಪತ್ತೈದು ವರ್ಷ ಅವಳು ದವಾಖಾನೆಯಲ್ಲಿ, ಬ್ಯಾಂಕಿನಲ್ಲಿ ಯಾರಾದರೂ ಗಂಡನ ಹೆಸರು ಕೇಳಿದರೆ ಪಕ್ಕದವರ ಮುಖ ನೋಡುತ್ತ ಬಂದಿದ್ದಳು.

“ನಿಮ್ಮ ಹೆಸರು ಯಾಕಿಟ್ರಿ?” ಅನುಸೂಯಾಬಾಯಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ತಿಳಿಯದ್ದನ್ನು ಕೇಳುವಂತಿತ್ತು.

ಇಲ್ಲಿ ಮಾಸ್ತರ ಸುಳ್ಳು ಹೇಳಬಹುದಿತ್ತು. ಪ್ರೀತಿಯಿಂದ ಇಟ್ಟೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಸುರಕ್ಷತೆಯ ಪಂಡಿತ ತನ್ನ ಜಾಣತನವನ್ನು ವಿವರಿಸದೆ ಬಿಟ್ಟದ್ದು ಎಲ್ಲಿದೆ? “ಹಂಗಲ್ಲ, ಕೀಲಿಮಾತು ಅಂದ್ರ ಬಾಯ್ತಪ್ಪಿ ಭಿ ಹೊರಗ ಬರಬಾರದು. ನೀ ಎಂದೂ ಅನ್ನಂಗಿಲ್ಲ ಅನ್ನೋ ಮಾತು ಜಗತ್ತಿನ್ಯಾಗ ಅದು ಒಂದೇ ಅದ. ಅದಕ್ಕ…”

ಅನುಸೂಯಾಬಾಯಿ ಸೌಟನ್ನು ಡೇಗಿನ ಮೇಲಿಟ್ಟಳು.

“ಅಂದ್ರ ನಾ ಅನ್ನಂಗಿಲ್ಲ ಅನ್ನೋದು ನಿಮಗ ಗೊತ್ತಿತ್ತು.”

“ಗೊತ್ತಿತ್ತು.”

“ನಾ ಏನು ತಿಳಕೊಂಡಿದ್ದೆ, ಗಂಡಸರಿಗಿ ಇಂಥಾವೆಲ್ಲಾ ಲಕ್ಷಕ್ಕ ಬರಂಗಿಲ್ಲ, ನಿಮಗ ಇದು ಗೊತ್ತೇ ಇಲ್ಲ ಅಂತ. ಲಕ್ಷಕ್ಕ ಬಂದದ, ಬಂದು ಅದಕ್ಕೇ ಕೀಲಿ ಜಡದೀರಿ.”

ಮಂಗಳೂರಿನವನಾಗಲಿ ದುಬೈಯವನಾಗಲಿ ಗೋರಖನಾಥನನ್ನು ಇಷ್ಟು ಕಡಿಮೆ ಮಾತಿನಲ್ಲಿ ಸೋಲಿಸಿರಲಿಲ್ಲ. ಅವಳಾಡಿದ್ದು ನಿಜವೆಂದು ಗೊತ್ತಿದ್ದರಿಂದ ಅವನಿಗೆ ನಾಚಿಕೆಯಾಯಿತು. ಆದರೂ, ಒಪ್ಪಿಕೊಳ್ಳುವ ಅಭ್ಯಾಸವಿಲ್ಲದ ಬಾಯಿ ನೋಡಿ, “ಆಯುಷ್ಯಾ ಕಡಿಮಿ ಆಗ್ತದ ಅನ್ನೋದೆಲ್ಲಾ ಮೂಢನಂಬಿಕಿ. ಇಪ್ಪತ್ತೊಂದನೇ ಶತಮಾನದಾಗ…” ಎಂದು ಶುರುಮಾಡಿತು.

“ಮೂಢನಂಬಿಕಿ ಅಂತ ನನಗ ಯಾವಾಗ ಹೇಳೀರಿ? ಚೌಕದಾಗ ಹೇಳಿದ್ದಿರಬೇಕು.”

ಹಮೀದುನ್ನಿಸಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳ್ಳಾಗಡ್ಡಿಗೋ ನಗುವಿಗೋ ತಿಳಿಯಲಿಲ್ಲ. ಅಷ್ಟರಲ್ಲಿ ಕಪಾಟಿನ ಮೇಲಿದ್ದ ಅನುಸೂಯಾಬಾಯಿಯ ಫೋನು ರಿಂಗಾಯಿತು, ಗೋರಖನಾಥ ಎತ್ತಿ ಸ್ಪೀಕರಿಗೆ ಹಾಕಿದ. ಬೆಂಗಳೂರಿನ ನಯವಾದ ಹೆಣ್ಣುದನಿ: “ನಮಸ್ಕಾರ. ದಯವಿಟ್ಟು ನಿಮ್ಮ ಕೀಲಿಮಾತನ್ನು ಹೇಳಿ.”

ವಾರದ ಕೊನೆಯ ದಿನ ಅದು. ಈ ಫೋನು ತಪ್ಪಿದರೆ ಎಂಟು ವರ್ಷ ಹೋದಂತೆಯೇ. ಗೋರಖನಾಥ ಹೆಂಡತಿಯ ಮುಖವನ್ನು ನೋಡಿದ.

“ಅಕ್ಕಾ, ನಾ ಹೇಳ್ಲೇನು?” ಎಂದಳು ಹಮೀದುನ್ನಿಸಾ. “ನನಗೇನು ಅವರು ಗಂಡ ಅಲ್ಲ.”

“ದನಿ ಆಕೀದೇ ಬೇಕು,” ಎಂದ ಗೋರಖನಾಥ.

ಅನುಸೂಯಾಬಾಯಿ ಕೈ ತೊಳೆದುಕೊಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಒಂದು ದಾರಿ ಅವಳಿಗೆ ಗೊತ್ತಿತ್ತು. ಲಗ್ನದಲ್ಲಿ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ಹೆಸರು ಹೇಳು ಎಂದಾಗ, ಒಡಪಿನ ಪ್ರಾಸದೊಳಗೆ ಸೇರಿಸಿ ಹೇಳಿದರೆ ದೋಷವಿಲ್ಲ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಲಗ್ನದ ಒಡಪನ್ನೇ ರಾಗವಾಗಿ ಹೇಳಿದಳು:

“ತೊಗರಿ ಹೊಲದಾಗ ಗಿಳಿಗಳ ಸಾಲು,
ಗೋರಖನಾಥರ ಹೆಸರ ಹೇಳೇನಿ, ಬಿಡ್ರೆವ್ವ ಬಾಗಿಲು.”

ಹಮೀದುನ್ನಿಸಾ ಶಹಬ್ಬಾಸ್ ಎಂದಳು. ಫೋನು ಅನ್ನಲಿಲ್ಲ. “ಕ್ಷಮಿಸಿ. ಕೀಲಿಮಾತನ್ನು ಮಾತ್ರ ಹೇಳಿ. ಇದು ಕೊನೆಯ ಅವಕಾಶ.”

ಗಂಡನ ಆಯುಷ್ಯದ ಭಯ ಅವಳಿಗೆ ಸುಳ್ಳಾಗಿರಲಿಲ್ಲ. ಪೂರಾ ನಂಬಿದವಳಲ್ಲ, ಆದರೆ ನಂಬದೆ ಆಡಿ ನೋಡುವುದಕ್ಕೆ ಅವಳಿಗಿದ್ದದ್ದು ಒಬ್ಬನೇ ಗಂಡ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಕಾಯ್ದದ್ದನ್ನು ಈಗ ಗುರುತಿಲ್ಲದ ಹುಡುಗಿಯ ದನಿಗೆ ಕೊಡಬೇಕಾಗಿತ್ತು. ಒಮ್ಮೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಇದ್ದಾನಲ್ಲ ಎಂದು ಖಾತ್ರಿ ಮಾಡಿಕೊಳ್ಳುವಂತೆ. ಆಮೇಲೆ ಕಣ್ಣು ಮುಚ್ಚಿ ಹೇಳಿದಳು:

“ಗೋರಖನಾಥ.”

ಸಾದಾ, ಬರೀ ಹೆಸರು. ಹಿಂದೆ ಮುಂದೆ ಏನಿಲ್ಲ. ಸಾಲೆಯ ಮಾಸ್ತರರು ಆ ಹೆಸರು ಕರೆದಿದ್ದರು, ಅವ್ವ ಕರೆದಿದ್ದಳು, ಬ್ಯಾಂಕಿನವರು ಕರೆದಿದ್ದರು. ಹೀಗೆ ಯಾರೂ ಕರೆದಿರಲಿಲ್ಲ. ಫೋನು ಧನ್ಯವಾದ ಹೇಳಿತು. ಅವನ ಕಿಸೆಯಲ್ಲಿ ಅವನ ಫೋನು ಒಂದೇ ಸಮ ನಡುಗತೊಡಗಿತು. ಖಾತೆ ತೆರೆದಿತ್ತು, ಲೋಕವೆಲ್ಲ ಒಟ್ಟಿಗೆ ಒಳಗೆ ನುಗ್ಗುತ್ತಿತ್ತು. ಅವನು ಕಿಸೆಗೆ ಕೈ ಹಾಕಲಿಲ್ಲ.

“ಇನ್ನೊಮ್ಮೆ ಅನ್ನು,” ಎಂದ.

ಅನುಸೂಯಾಬಾಯಿ ಕಣ್ಣು ತೆರೆದಳು. ಒಲೆಯ ಉರಿ ತಗ್ಗಿಸಿದಳು, ಎರಡು ಬಟ್ಟೆಯ ತುಂಡು ಎತ್ತಿಕೊಂಡು ಒಂದನ್ನು ಅವನ ಕೈಗಿಟ್ಟಳು.

“ಮಷಿನು ಕೇಳ್ತು, ಅಂದೆ. ನೀವು ಕೇಳಿದ್ದಿದ್ರ ಲಗ್ನಾದ ವರ್ಷನೇ ಅಂತಿದ್ದೆ. ಈಗ ಡೇಗಿನ ಆ ಕಡಿ ಹಿಡೀರಿ, ಅನ್ನ ತಳ ಹತ್ತತದ.”

ಗೋರಖನಾಥ ಹಿಡಿದ.